ಮೂರನೇ ಯಂತ್ರದ ಪಾಲು

ದುರ್ಗಿಗುಡಿಯ ಎರಡನೇ ಮಹಡಿಯಲ್ಲಿ ಕೂತು
ಕಬ್ಬಿನಹಳ್ಳದ ಅಣೆಕಟ್ಟನ್ನು
ದಿನಕ್ಕೆ ನಾಲ್ಕು ಸಲ ಬರಿದು ಮಾಡುತ್ತಿದ್ದೆ.
ಪರದೆಯ ಮೇಲೆ, ಅಷ್ಟೆ.
ಲೆಕ್ಕಕ್ಕೆ ಎಷ್ಟು ಮಳೆ ಉಣಿಸಿದರೂ
ಏಪ್ರಿಲ್ ಹನ್ನೊಂದಕ್ಕೆ ತಳ ಕಾಣುತ್ತಿತ್ತು.
ಮೇಲಿನವರು ಮಳೆಯನ್ನು ಬೈದರು, ಆಮೇಲೆ ಹೂಳನ್ನು,
ಆಮೇಲೆ, ಸ್ವಲ್ಪ ಮೆತ್ತಗೆ, ನನ್ನನ್ನು.

ಹನ್ನೊಂದರ ರಾತ್ರಿ ಪವರ್ ಹೌಸಿಗೆ ಫೋನು ಮಾಡಿದೆ.
ಪಾಳಿಯಲ್ಲಿ ಕೆರಿಯಪ್ಪ.
"ನೀರಾ? ಐತಲ್ಲ ಮೇಡಂ,
ಕಲ್ಲಿನ ಗೆರೆಗೆ ಹನ್ನೆರಡು ಅಡಿ ಮೇಲೈತೆ."
ಅವನ ಬೆನ್ನ ಹಿಂದೆ ಯಂತ್ರಗಳ ಗುಂಯ್. ಎರಡರದೇ.
"ಉಳಿದವು?"
"ಒಂದನೇದು ಮಲಗೈತೆ. ಮೂರನೇದು ಬಿಚ್ಚಿ ಹಾಕೀವಿ,
ಚಕ್ರದ ತುಂಬ ಸಿಡುಬಿನ ಕಲೆ.
ಯಾರೋ ಅದನ್ನ ಕಾಲುಬಾಗಿಲಲ್ಲಿ ಓಡಿಸ್ಯಾರೆ.
ಓಡಿಸಿದ್ರೆ ಆರರ ಮೇಲೆ ಓಡಿಸ್ಬೇಕು, ಇಲ್ಲ ನಿಲ್ಲಿಸ್ಬೇಕು.
ನಡುವೆ ಬಿಟ್ರೆ ನೀರೇ ಕಬ್ಬಿಣ ತಿಂತದೆ."

ಆರು. ಇಪ್ಪತ್ತರ ಯಂತ್ರಕ್ಕೆ ಕನಿಷ್ಠ ಆರು,
ನೂರಕ್ಕೆ ಮೂವತ್ತು. ನನ್ನ ಕಡತದಲ್ಲೂ ಹಾಗೇ ಇತ್ತು.
ಯಾವುದರ ಮೂವತ್ತು
ಎಂದು ಯಾರೂ ಕೇಳಿರಲಿಲ್ಲ.

ನಾನೂರ ಹದಿನೇಳನೇ ಸಾಲು.
ಎರಡು ವರ್ಷದ ಹಿಂದೆ ಯಾರೋ ಬರೆದದ್ದು.
ಯಾರೋ ಏನು, ನಾನೇ.
ಪಕ್ಕದ ಟಿಪ್ಪಣಿಯಲ್ಲಿ ನನ್ನದೇ ಅವಸರ: ಸದ್ಯಕ್ಕೆ ಸಾಕು.
ನಾಲ್ಕು ಯಂತ್ರ, ಎಂಬತ್ತು, ಅದರ ಮೂವತ್ತು:
ಇಪ್ಪತ್ತನಾಲ್ಕು, ಹಗಲೂ ರಾತ್ರಿಯೂ.
ಮಲಗಿದ್ದೂ ಕೊಡಬೇಕು, ಬಿಚ್ಚಿ ಹಾಕಿದ್ದೂ ಕೊಡಬೇಕು.
ರಾತ್ರಿ ಎರಡಕ್ಕೆ ಊರುಗಳು ಕೇಳುವುದು ಹದಿನಾಲ್ಕು.
ಉಳಿದ ಹತ್ತನ್ನು ನನ್ನ ತಂತ್ರಾಂಶ
ನೆಲಕ್ಕೆ ಇಳಿಸಿಟ್ಟ ಚಕ್ರದಿಂದಲೂ ಹಿಂಡಿ
ಬೇಡುವವರಿಲ್ಲದ ಕತ್ತಲೆಗೆ ಸುರಿಯುತ್ತಿತ್ತು.
ಹೋದ ಬೇಸಿಗೆ ಇದನ್ನೇ ನಂಬಿ
ಹೊರಗಿನ ಕರೆಂಟು ಕೊಂಡಿದ್ದರು.
ಆ ವರದಿಯ ಕೆಳಗೆ ನನ್ನ ಸಹಿ.

ತಿದ್ದಿದ್ದು ಒಂದೇ ಪದ.
'ಇರುವ' ಅಳಿಸಿ 'ಓಡುತ್ತಿರುವ' ಎಂದು ಬರೆದೆ.
ಎರಡಾರ್ಲ ಹನ್ನೆರಡು,
ಮೂರನೇ ತರಗತಿಯ ಮಗ್ಗಿ.

ಮತ್ತೆ ಓಡಿಸಿದೆ. ಚಹಾದ ಮೇಲೆ ಕೆನೆ ಕಟ್ಟಿತು.
ಜಲಾಶಯದ ಗೆರೆ ಏಪ್ರಿಲ್ ದಾಟಿತು, ಮೇ ದಾಟಿತು,
ಬೀಳಲೇ ಇಲ್ಲ.
ಎಂದೂ ಹರಿದುಹೋಗದಿದ್ದ ನೀರು ವಾಪಸು ಬಂದಿತ್ತು:
ಹನ್ನೊಂದನೇ ತಾರೀಖಿಗೆ, ಕಲ್ಲಿನ ಗೆರೆಗೆ
ಹನ್ನೊಂದು ಮುಕ್ಕಾಲು ಅಡಿ ಮೇಲೆ.

ಕೆರಿಯಪ್ಪನಿಗೆ ಹೇಳಿದೆ. ನಗಲಿಲ್ಲ.
"ರಜೆ ಮೇಲಿದ್ದವ್ನಿಗೂ ಹಾಜರಿ ಹಾಕಿದ್ರಿ ಅನ್ನಿ," ಎಂದ.
ಸ್ವಲ್ಪ ತಡೆದು, "ಅದಿರ್ಲಿ,
ಆ ಕಾಲು ಅಡಿ ಎಲ್ಲಿ ಹೋಯ್ತು?"

ನನ್ನ ಹತ್ತಿರ ಉತ್ತರವಿರಲಿಲ್ಲ.
ನಾನೂರ ಹದಿನೆಂಟನೇ ಸಾಲಿಗೆ ಇಳಿದೆ.