ಮೂರು ಗಂಟೆಯ ಗೆರೆಗಳು

ಬೆಳಗ್ಗೆ ಅದಕ್ಕೇನೂ ಆಗಿರುವುದಿಲ್ಲ.
ಹತ್ತಕ್ಕೆ ಶಟರ್ ಎತ್ತಿ ಗುಂಡಿ ಒತ್ತಿದರೆ
ಕೆಮ್ಮಿ, ಗಂಟಲು ಸರಿಮಾಡಿಕೊಂಡು
ಎದ್ದು ಕೂರುತ್ತದೆ, ಹದಿಮೂರು ವರ್ಷದ ಹಳೇ ಡಬ್ಬ.
ಬಾಡಿಗೆ ಕರಾರು, ಖಾತೆ ಅರ್ಜಿ, ನಾಮಕರಣದ ಕಾರ್ಡು,
ಮಧ್ಯಾಹ್ನದವರೆಗೆ ಒಂದಕ್ಷರ ಅಲುಗುವುದಿಲ್ಲ.

ಮೂರಾಯಿತೋ,
ಪರದೆಯ ಬಲಗಡೆ ಒಂದು ಹಸಿರು ಗೆರೆ.
ಆಮೇಲೆ ಅದರ ಅಕ್ಕತಂಗಿಯರು.
ನೇರಳೆ ಚುಕ್ಕೆ, ರಾಗಿ ಚೆಲ್ಲಿದ ಹಾಗೆ.
ಒತ್ತಕ್ಷರಗಳು ಮೇಲಿನ ಸಾಲಿಗೆ ಹತ್ತಿ,
ದೀರ್ಘಗಳು ಬಾಲ ಬಿಟ್ಟು ಓಡಿ,
ಚಿ. ಕುಂ. ಸೌ. ಕೃತ್ತಿಕಾ ಎಂದಿದ್ದವಳು
ಬರೀ ‘ಚಿ’ ಆಗಿ ಉಳಿದು
ಹುಡುಗಿಯ ತಂದೆ ನನ್ನ ಮುಖ ನೋಡುತ್ತಾರೆ,
ಅಪಶಕುನವನ್ನು ನಾನೇ ಟೈಪು ಮಾಡಿದ ಹಾಗೆ.

ಕೇಬಲ್ ಅಂದರು. ಬದಲಿಸಿದೆ.
ಮಾನಿಟರ್ ಅಂದರು. ಪಕ್ಕದ ಸ್ಟುಡಿಯೋದ ಇಮ್ತಿಯಾಜ್
ತನ್ನದನ್ನೇ ಹೊತ್ತು ತಂದ;
ಅದರ ಮೇಲೂ ಅದೇ ಗೆರೆ, ಅದೇ ರಾಗಿ.
ವೈರಸ್ ಅಂದ ಕಾಲೇಜು ಹುಡುಗ
ಎಲ್ಲ ಅಳಿಸಿ ಹೊಸದಾಗಿ ತುಂಬಿದ.
ಅಳಿಸಿದ್ದರಲ್ಲಿ ನನ್ನ ನಾಲ್ಕು ವರ್ಷದ ನಮೂನೆಗಳೂ ಇದ್ದವು.
ನಿಂಬೆಹಣ್ಣು ಕಟ್ಟು ಅಂದಳು ಅತ್ತಿಗೆ.
ಕಟ್ಟಿದೆ. ಸುಳ್ಳು ಯಾಕೆ ಹೇಳಲಿ.
‘ಎಸೆದು ಹೊಸದು ತಗೊಳ್ಳಿ ಮೇಡಂ’
ಎಂದು ಶಿವಮೊಗ್ಗದಿಂದ ಬಂದವನು, ಬೈಕಿಂದಲೂ ಇಳಿಯದೆ,
ಇನ್ನೂರು ರೂಪಾಯಿ ಎಣಿಸಿಕೊಂಡು ಹೋದ.

ಆರೋಗ್ಯಸ್ವಾಮಿ ಬಂದದ್ದು ರಿಪೇರಿಗಲ್ಲ,
ಬದುಕಿದ್ದೇನೆ ಎಂಬ ಪೆನ್ಷನ್ ಕಾಗದದ
ಎರಡು ಜೆರಾಕ್ಸಿಗೆ.
ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆಯ ಕುಲುಮೆಯೆದುರು ನಿಂತವರು,
ಹುಬ್ಬಿನ ಕೂದಲು ಅಲ್ಲೇ ಬಿಟ್ಟು ಬಂದಿದ್ದಾರೆ.
ಪರದೆಯನ್ನು ನೋಡಲೇ ಇಲ್ಲ.
ಬಗ್ಗಿ, ಮೇಜಿನಡಿಯ ಡಬ್ಬದ ಪಕ್ಕೆಗೆ
ಕೈಯ ಹಿಂಬದಿ ಇಟ್ಟು ಎಣಿಸಿದರು.
ಮೂರಕ್ಕೇ ತೆಗೆದರು.
‘ಹತ್ತರವರೆಗಾದ್ರೂ ಇಡೋಕಾಗ್ಬೇಕಮ್ಮ.
ಇದು ಒಳಗೇ ಬೇಯ್ತಿದೆ.
ಮುಖದ ಮೇಲಿಂದು ಜ್ವರದ ಬಡಬಡಿಕೆ ಅಷ್ಟೆ.’

ವೈರು ಕಿತ್ತು, ತಣಿಯಲು ಬಿಟ್ಟು,
ಟೀ ಕುಡಿದು, ನಾಲ್ಕು ತಿರುಪು ಬಿಚ್ಚಿದೆವು.
ನಾನು ಅದರ ಒಳಗು ಕಂಡದ್ದು ಅದೇ ಮೊದಲು.

ದಿನಾ ಗುಡಿಸಿದ ಕಸ
ಹೊರಗೆ ಹೋಗಿದೆ ಅಂದುಕೊಂಡಿದ್ದೆ!
ಜೆರಾಕ್ಸಿನ ಕರಿಪುಡಿ, ಕತ್ತರಿಸಿದ ಕಾರ್ಡುಗಳ ಚಿನ್ನದ ಅಂಚು,
ನನ್ನದೇ ಉದ್ದ ಕೂದಲು, ಕರಿದೂ ನೆರೆತದ್ದೂ,
ಎಲ್ಲ ಸೇರಿ ಕಂಬಳಿ ನೇಯ್ದು
ಫ್ಯಾನಿಗೆ ಹೊದಿಸಿದ್ದವು,
ಭದ್ರಾವತಿಯ ಏಪ್ರಿಲ್ಲಿನಲ್ಲಿ.
ಬೆರಳಿಂದ ತಳ್ಳಿದರೆ ರೆಕ್ಕೆ ಅರ್ಧ ಸುತ್ತಿ
ಸಾಕೆಂದಿತು.
ಚಿತ್ರ ಮೂಡಿಸುವ ಕಾರ್ಡಿನ ಪೇಸ್ಟು
ಎಲೆಯಡಿಕೆ ಡಬ್ಬಿಯ ತಳದ ಸುಣ್ಣವಾಗಿತ್ತು.

ಇಮ್ತಿಯಾಜನ ಲೆನ್ಸ್ ಒರೆಸುವ ಬ್ರಷ್ಷು,
ಸೈಕಲ್ ಪಂಪಿನ ಗಾಳಿ,
ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ತೊಟ್ಟು,
ಮೊಬೈಲ್ ಅಂಗಡಿಯಿಂದ ಅರವತ್ತು ರೂಪಾಯಿಯ ಹೊಸ ಪೇಸ್ಟು.
‘ತೊಗರಿ ಕಾಳಿನಷ್ಟು. ಹೆಚ್ಚಾದ್ರೆ ಅದೂ ಕಂಬಳೀನೇ.’
ಕಾಯಿಸೋದು ಯಾರಿಗಾದ್ರೂ ಬರ್ತಿತ್ತು ಅಲ್ಲಿ,
ತಣಿಸೋದಕ್ಕೇ ನಾವು,
ಎನ್ನುತ್ತ ಇದ್ದವರು ಮಾತು ಅಲ್ಲಿಗೇ ಬಿಟ್ಟು
ನೆಲದ ಮೇಲೆ ತಿರುಪು ತಡಕಿದರು.
ಒಂದು ಸಿಗಲೇ ಇಲ್ಲ.

ಮೂರಾಯಿತು. ಮೂರೂ ಕಾಲಾಯಿತು.
ಕೃತ್ತಿಕಾ ಪೂರ್ತಿ ಬಂದಳು, ಒತ್ತು ಸಮೇತ,
ಕೆಳಗೆ ಮುಹೂರ್ತ, ಅದರ ಕೆಳಗೆ
ಉಡುಗೊರೆಗೆ ಕ್ಷಮೆಯಿರಲಿ.

ಪೂರ್ತಿ ವಾಸಿಯಾಯಿತೆಂದರೆ ನಂಬಬೇಡಿ.
ಉದ್ದ ಕೆಲಸವಿದ್ದ ದಿನ ಐದರ ಹೊತ್ತಿಗೆ
ಒಂದು ಹಸಿರು ಗೆರೆ ಈಗಲೂ ಇಣುಕುತ್ತದೆ.
ಆಗ ಫೈಲು ಉಳಿಸಿ, ಅದನ್ನು ಮಲಗಿಸಿ,
ನಾನೂ ಕುರ್ಚಿ ಹಿಂದಕ್ಕೆ ತಳ್ಳುತ್ತೇನೆ.
ಪಕ್ಕೆಯ ತಗಡು ಮತ್ತೆ ಹಾಕಿಲ್ಲ;
ಡಬ್ಬ ಈಗ ಮೇಜಿನ ಮೇಲೆ, ಗೋಡೆಯಿಂದ ಗೇಣು ದೂರ.
ಕಾರ್ಡಿಗೆ ಬಂದವರ ಮಕ್ಕಳು
ತಿರುಗುವ ರೆಕ್ಕೆ ನೋಡುತ್ತ ನಿಲ್ಲುತ್ತವೆ.
ನಿಂಬೆಹಣ್ಣು ಹಾಗೇ ಇದೆ, ಯಾಕೋ ಬಿಚ್ಚಿಲ್ಲ.

ಆ ಎರಡು ಜೆರಾಕ್ಸಿಗೆ ದುಡ್ಡು ಬೇಡವೆಂದಿದ್ದೆ.
ಸಂಜೆ ಮೇಜು ಒರೆಸುವಾಗ
ಕೀಬೋರ್ಡಿನಡಿ ನಾಲ್ಕು ರೂಪಾಯಿ ಚಿಲ್ಲರೆ,
ಜೊತೆಗೆ ಆ ತಿರುಪು.