ನಾನೂರಾ ನಲವತ್ತಾರು ಬೈಟು

ಕಪನೂರ ದಾಲ್ ಮಿಲ್ಲಿನ ಕಾಟಾ ಮುಂದ
ತೊಗರಿ ಹೊತ್ತ ಲಾರಿ ಹದಿನಾಲ್ಕು.
ನಾ ಸ್ಕೂಟಿ ನಿಲ್ಲಿಸಿದಾಗ ರಾತ್ರಿ ಹನ್ನೊಂದು.
ಪುಷ್ಯದ ಥಂಡಿ. ಹಳೇ ಟೈರು ಸುಟ್ಟು
ಡ್ರೈವರ್‌ಗಳು ಕೈ ಕಾಸ್ತಿದ್ರು.
"ರಿಪೇರಿಯವ ಎಲ್ಲಿ?" ಅಂದ ಒಬ್ಬ, ನನ್ನ ಹಿಂದ ನೋಡಿ.
ಹಿಂದ ಯಾರೂ ಇರಲಿಲ್ಲ.

ಪರದೆ ಪೂರಾ ಕರಿ. ಮ್ಯಾಲ ಒಂದು ಸಾಲು:
ಬೂಟ್ ಆಗೋ ಡಿಸ್ಕು ಸಿಗವಲ್ದು.
ಅದರ ಕೆಳಗ ಒಂದು ಸಣ್ಣ ಗೀಟು
ಮಿಣುಕ್ತದ, ಆರ್ತದ, ಮಿಣುಕ್ತದ,
ಏನೋ ಹೇಳಲಿಕ್ಕೆ ಬಂದು ನಿಂತವರಂಗ.

ಕಾಟಾ ಬರಿಯೋ ಸಿದ್ರಾಮಪ್ಪಗ ಮಾತು ತಡೀತದ.
ಮಾಲಕರ ಅಳಿಯ ಯಾವುದೋ ಆಟ ಹಾಕ್ಲಿಕ್ಕೆ ಹೋಗಿ
"ಇದ್ದದ್ದು ಅಳಿಸಿ ಹೊಸಾದು ಬರೀಲೇನು?" ಅಂತ ಅದು ಕೇಳಿದಾಗ
ಇಂವ ಬಾಗಲದಾಗ ನಿಂತು
ಬ್ಯಾ, ಬ್ಯಾ, ಬ್ಯಾ
ಅಂದು "ಡ" ಬರೂದ್ರಾಗ
ಅಂವ ಎಂಟರ್ ಒತ್ತಿದ್ದ.
ಅಷ್ಟರಾಗ ಕರೆಂಟ್ ಹೋತು.
ಜನ್ಮದಾಗ ಒಮ್ಮೆ ಜೆಸ್ಕಾಂಗ ಕೈ ಮುಗದೆ.

"ನಾಕು ವರ್ಷದ ಲೆಕ್ಕ ಹೋತಲ್ಲವಾ ಮಹಾನಂದಾ,"
ಮಾಲಕರು ಕುರ್ಚಿ ಮ್ಯಾಲ ಕುಸದ್ರು.

ನನ್ನ ಪೆನ್ ಡ್ರೈವಿನಾಗ ಒಂದು ಇಡೀ ಲಿನಕ್ಸ್ ಅದ.
ಬೀಗರಂಗ ಬಂದು ಠಿಕಾಣಿ ಹೂಡೂದಲ್ಲ ಅದು.
ಡಿಸ್ಕಿನ ಮ್ಯಾಲ ಕಾಲಿಡಂಗಿಲ್ಲ,
ಮೆಮರಿಯಾಗ ತುದಿಗಾಲ ಮ್ಯಾಲ ಕುಂತು
ಹೇಳಿದ ಕೆಲಸ ಮಾಡಿ ಎದ್ದು ಹೋದ್ರ
ಕುಂತ ಚಾಪಿ ಸುದ್ದಾ ಬೆಚ್ಚಗ ಇರಂಗಿಲ್ಲ.
ಅದರ ಕೈಲೆ ಕದ ಸರಿಸಿ ಒಳಗ ಹಣಿಕಿ ಹಾಕಿದೆ.

ಎಲ್ಲಾ ಅದ.
ಲಾರಿ ನಂಬರ, ಖಾಲಿ ತೂಕ, ತುಂಬಿದ ತೂಕ,
ಹೋದ ವರ್ಷ ಮಳಿಯಾಗ ತೊಯ್ದ ಚೀಲದ ತಕರಾರು,
ಒಂದು ಮೂಲ್ಯಾಗ ಸಿದ್ರಾಮಪ್ಪನ ಮಗಳ
ಹತ್ತನೇತ್ತ ಮಾರ್ಕ್ಸ್ ಕಾರ್ಡು. ಗಣಿತ ತೊಂಬತ್ತೊಂದು.

"ಮತ್ತ ಹೋಗಿದ್ದರ ಏನು?"
"ನಾನೂರಾ ನಲವತ್ತಾರು ಬೈಟು, ಸಾವ್ಕಾರ.
ಶುರು ಹೆಂಗ ಮಾಡಬೇಕು ಅನ್ನೂದು, ಅಷ್ಟ."
ಮಾಲಕರಿಗೆ ತಿಳೀಲಿಲ್ಲ.
ಸಿದ್ರಾಮಪ್ಪ ತಲಿ ಎತ್ತಿ ನನ್ನ ನೋಡಿದ.

ಎಸ್‌ಡಿಎ ಏನು, ಎಸ್‌ಡಿಬಿ ಏನು,
ಒಂದು ಅಕ್ಷರ ತಪ್ಪಿದ್ರ ಬ್ಯಾರೇರ ಮನಿಗೆ ಬಾಗಲಾ ಕೂಡಿಸಿದಂಗ.
ಮೂರು ಸಲ ಓದಿದೆ.
ಎಂಟರ್ ಮ್ಯಾಲ ಬೆರಳಿಟ್ಟು ಹಿಂದ ತಿರುಗಿದೆ.
"ಒತ್ತಲೇನು, ಅಣ್ಣಾ?"

ಹೊರಗ ಹಾರನ್ನು. ಯಾರೋ ಬೈದ್ರು.
ಮಾಲಕರು "ಒತ್ತವಾ" ಅಂದ್ರು. ನಾ ಅವರನ್ನ ಕೇಳಿರಲಿಲ್ಲ.
ಸಿದ್ರಾಮಪ್ಪನ ಗಂಟಲ ಮಣಿ ಮ್ಯಾಲ ಏರಿ ನಿಂತು
ಇಳೀತು. ಮತ್ತ ಏರ್ತು.
"ಒ, ಒ,"
ಇರ್ಲಿ, ಸಾವಕಾಶ.
"ಒತ್ತು."

ಪೆನ್ ಡ್ರೈವ್ ಕಿತ್ತು ಕಿಸೇಕ ಹಾಕಿ, ಬಂದ್ ಮಾಡಿ ಚಾಲೂ ಮಾಡಿದೆ.
ಫ್ಯಾನು ತಿರಗ್ತು. ಕರಿ ಪರದೆ. ಅದೇ ಗೀಟು.
ಎಷ್ಟೋ ಹೊತ್ತು ಅದೇ ಗೀಟು.
ಆಮ್ಯಾಲ ಒಂದು "ಟುಂಯ್".
ಮಾಲಕರ ಹಳೇ ಫೋಟೋ, ಅದರ ಮ್ಯಾಲ ಕಾಟಾದ ಚಿತ್ರ.

ತೂಕ ಸರಿ ಅದನೋ ಇಲ್ಲೋ ನೋಡ್ಲಿಕ್ಕೆ
ಮೊದಲು ನನ್ನ ಸ್ಕೂಟೀನ ಹತ್ತಿಸಿದ್ರು, ನನ್ನ ಸಮೇತ.
ಲಾರಿಗಂತ ಮಾಡಿದ ಆ ಕಬ್ಬಿಣದ ಅಂಗಳದ ನಡುವ
ನಾನೊಂದು ಇರುವಿ.
ಕಿಡಕ್ಯಾಗಿಂದ ಸಿದ್ರಾಮಪ್ಪನ ದನಿ,
ಅಂಕಿಯೊಳಗ ಎಂದೂ ಎಡವಂಗಿಲ್ಲ ಅದು:
"ಒಂದು ನೂರಾ ಅರವತ್ತು ಕಿಲೋ!"
ಡ್ರೈವರ್‌ಗಳು ನಕ್ಕರು. ನಾನೂ.

ಚೀಟಿಯೊಳಗ "ಮಾಲು" ಅಂತ ಒಂದು ಖಾಲಿ ಜಾಗ ಇರ್ತದ.
ಅಲ್ಲೇನು ಬರೀಲಿ ಅಂತ ಕೇಳಲಿಕ್ಕೆ
ಅಂವ ಬಾಯಿ ತೆರದ.
ಹಿಂದ ಹದಿನಾಲ್ಕು ಲಾರಿ.
ನಾ ಇಂಜಿನ್ ಆರಿಸಿ ನಿಂತೆ.