ಕಿವಿಯ ಹಿಂದೆ

ಮೊದಲು ಚೋಮಿಯ ವಿಷಯ ಹೇಳಿಬಿಡುತ್ತೇನೆ,
ಇಲ್ಲದಿದ್ದರೆ ಮುಂದಿನದು ನನ್ನ ಬಾಯಲ್ಲಿ ಜಾಣತನವಾಗುತ್ತದೆ.

ಎಸ್ಟೇಟಿನ ಲೈನ್ ಮನೆಯಿಂದ ಗೋಣಿಕೊಪ್ಪದ ತನಕ ನಡೆದೇ ಬಂದಿದ್ದಳು,
ಸೊಂಟದಲ್ಲಿ ಹತ್ತು ತಿಂಗಳ ಕೂಸು, ಮೂರು ದಿನದ ಕೆಮ್ಮು.
ಅಂಗಿ ಎತ್ತಿದೆ. ಬೆನ್ನಿನ ಕೆಳಗೆ ಅಂಗೈಯಗಲ ನೀಲಿ.
ಯಾರು ಹೊಡೆದದ್ದು, ಎಂದೆ.
ಹೊಡೆದಿದ್ದಾರಾ ಅಂತಲ್ಲ. ಯಾರು, ಅಂತ.
ನೀನು ಕುಡಿಯುತ್ತೀಯಾ, ಗಂಡ ಕುಡಿಯುತ್ತಾನಾ,
ತೋಟದ ರೈಟರ ನಂಬರ್ ಕೊಡು,
ಎಲ್ಲ ಒಂದೇ ಉಸಿರಿಗೆ.
ಚೋಮಿ ಮಾತಾಡದೆ ಹಿರಿಮಗಳನ್ನು ಎಳೆದು ತಿರುಗಿಸಿ
ಅವಳ ಸೊಂಟ ತೋರಿಸಿದಳು: ಅಲ್ಲೂ ಅದೇ ನೀಲಿ, ಮಾಸುತ್ತಿದ್ದದ್ದು.
"ಹುಟ್ಟುವಾಗಲೇ ತಂದದ್ದಮ್ಮ. ತಾನಾಗಿ ಹೋಗ್ತದೆ."
ಹುಟ್ಟುಮಚ್ಚೆ. ಪರೀಕ್ಷೆಯಲ್ಲಿ ಇದರ ಮೇಲೆಯೇ
ಐದು ಅಂಕದ ಟಿಪ್ಪಣಿ ಬರೆದು ಪಾಸಾದವಳು ನಾನು.
ಒತ್ತಿದರೆ ಕೂಸು ಅಳಲೂ ಇಲ್ಲ,
ಸ್ಟೆತೋಸ್ಕೋಪಿನ ಬಾಲ ಹಿಡಿದು ಜಗ್ಗುತ್ತಿತ್ತು.

ಆ ವಾರವೇ ಜೀಪಿನಲ್ಲಿ ಬೋಜು ಬಂದ. ಆರು ವರ್ಷ.
ಅವನ ಅಪ್ಪ ನನಗೆ ಗೊತ್ತು.
ನನ್ನ ಮದುವೆಯಲ್ಲಿ ಬಾಳೆ ಕಡಿದವರು,
ದಿಂಡಿಗೊಂದೇ ಏಟು; ಎಲ್ಲರೂ ಚಪ್ಪಾಳೆ ತಟ್ಟಿದ್ದೆವು.
"ಕಾಫಿ ಕಣದ ಮೆಟ್ಟಿಲಿಂದ ಬಿದ್ದ, ಪುಂಡ" ಎಂದರು.
ಬಾಗಿಲ ಹತ್ತಿರ ಅಮ್ಮ "ಮೆಣಸಿನ ಏಣಿ..." ಎಂದು ಶುರುಮಾಡಿ
ಗಂಡನ ಮುಖ ನೋಡಿ "ಕಣ, ಕಣ" ಎಂದಳು.
ಬಾತ ಮೊಣಕೈ. ಕಿವಿಯ ಹಿಂದೆ ನೇರಳೆ.
ಕಂಡಿತ್ತು ನನಗೆ. ರಿಜಿಸ್ಟರಿನಲ್ಲಿ ಬರೆದೆ: ಬಿದ್ದದ್ದು.
ಮರುದಿನ ಡ್ರೈವರ್ ಒಂದು ಚೀಲ ಕಿತ್ತಳೆ ತಂದಿಟ್ಟ.
ತಿಂದೆವು. ಸಿಹಿಯಿತ್ತು.

ಕಾಫಿ ಹೂ ಬಿಟ್ಟ ವಾರ ಅವನು ಮತ್ತೆ ಬಂದ, ಜ್ವರಕ್ಕೆ.
ಅಂಗಿ ತೆಗೆಯಲು ಒಪ್ಪಲಿಲ್ಲ.
ಸಿಸ್ಟರ್ ಏಲಿಕುಟ್ಟಿ ಏನೂ ಹೇಳದೆ ಹಳೆಯ ರಿಜಿಸ್ಟರ್ ತಂದು
ಮೇಜಿನ ಮೇಲೆ ಬಿಡಿಸಿಟ್ಟರು.
ಬೆರಳು ನನ್ನ ಸಹಿಯ ಮೇಲೆ.

ಆಡುವ ಮಕ್ಕಳು ಮೊಣಕಾಲೂರಿ ಬೀಳುತ್ತವೆ,
ಹಣೆ ಕೊಟ್ಟು, ಗಲ್ಲ ಕೊಟ್ಟು, ಅಂಗೈ ಕೊಟ್ಟು.
ಕಿವಿಯ ಹಿಂದೆ ಬೀಳಲು ಯಾವ ಮಗುವಿಗೂ ಬರುವುದಿಲ್ಲ.

ದೊಡ್ಡವರನ್ನು ಹೊರಗೆ ಕೂರಿಸಿದೆವು,
ಹೆಸರು, ವಿಳಾಸ, ರೇಷನ್ ಕಾರ್ಡ್ ಎಂದು ಏನೋ ನೆಪ.
ನಾನು ಸ್ಟೂಲು ಎಳೆದು ಅವನಿಗಿಂತ ತಗ್ಗಿನಲ್ಲಿ ಕೂತೆ.
ನಾಯಿ ಉಂಟಾ ಮನೆಯಲ್ಲಿ?
"ಕರಿಯ."
ಹೇಗಿದ್ದಾನೆ?
"ನಿನ್ನೆ ಅವನೂ ಕಣದಿಂದ ಬಿದ್ದ.
ಅನ್ನದ ತಟ್ಟೆ ಉರುಳಿಸಿದನಲ್ಲ, ಅದಕ್ಕೆ."

ಇನ್ನು ಯಾರೂ ನಿನ್ನನ್ನು ಬೀಳಿಸುವುದಿಲ್ಲ ಎನ್ನಲು ಬಾಯಿ ತೆರೆದು
ಮುಚ್ಚಿಕೊಂಡೆ. ಅದು ನನ್ನ ಕೈಯಲ್ಲಿಲ್ಲದ ಮಾತು.
ಹೇಳಿದ್ದು ಒಳ್ಳೆಯದಾಯಿತು ಬೋಜು, ಎಂದೆ. ಅಷ್ಟೆ.
ಅವನೇ ಅಂಗಿಯ ಗುಂಡಿ ಬಿಚ್ಚಿದ, ಮೇಲಿನಿಂದ, ಒಂದೊಂದೇ.

ಅವನ ಮಾತನ್ನು ಅವನ ಮಾತಿನಲ್ಲೇ ಬರೆದೆ, ತಿದ್ದದೆ.
ಮಗುವಿನ ಆಕಾರದ ಚಿತ್ರದಲ್ಲಿ ಗುರುತು ಹಾಕುತ್ತ ಹೋದೆ,
ಬೆನ್ನಿನಲ್ಲಿ ಜಾಗ ಸಾಲಲಿಲ್ಲ.
ಮಡಿಕೇರಿಯ ಎಕ್ಸ್‌ರೇಯಲ್ಲಿ ಎರಡು ಪಕ್ಕೆಲುಬು,
ಯಾರಿಗೂ ಹೇಳದೆ ತಾವೇ ಬೆಸೆದುಕೊಂಡದ್ದು.
ಹತ್ತು, ಒಂಬತ್ತು, ಎಂಟು:
ಮೆಟ್ಟಿಲಿಳಿಯುವ ಹಾಗಿರುವ ಆ ನಂಬರನ್ನು ಒತ್ತುವಾಗ
ಕೈಬೆರಳಿಗೆ ಇನ್ನೂ ಕಿತ್ತಳೆ ಸಿಪ್ಪೆಯ ವಾಸನೆ ಇತ್ತೆನ್ನಿಸಿತು.
ತೊಳೆದು ಎಷ್ಟು ದಿನವಾಗಿತ್ತು!

ಅವರು ಒಳಬಂದರು. ಕೂಗಾಡಲಿಲ್ಲ.
"ನೀನು ನಮ್ಮ ಮನೆಯ ಕುಂಞಿ ಅಲ್ಲವಾ" ಎಂದರು, ಮೆಲ್ಲಗೆ,
ತಲೆ ಸವರಲು ಕೈ ಎತ್ತಿ.
ಎತ್ತಿದ ಕೈಗೆ, ಮಂಚದ ಮೇಲೆ, ಬೋಜು ಕಣ್ಣು ಮುಚ್ಚಿದ.
ಅಮ್ಮ ಅದನ್ನು ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು.
ಮಗು ಇವತ್ತು ಇಲ್ಲೇ ಇರುತ್ತದೆ, ಎಂದೆ.

ಈಗ ಅವನೆಲ್ಲಿ ಎಂದು ಕೇಳಬೇಡಿ, ಹೇಳುವಂತಿಲ್ಲ.
ಅವರ ಕಡೆಯ ಮದುವೆಗಳಿಗೆ ನಮಗೆ ಕಾಗದ ಬರುವುದು ನಿಂತಿದೆ.

ಚೋಮಿ ಆಮೇಲೆ ಬರಲಿಲ್ಲ.
ಬುಧವಾರದ ಲಸಿಕೆಯ ಸಾಲಿನಲ್ಲಿ ಹುಡುಕುತ್ತೇನೆ.
ಆ ಕೂಸಿನ ಕೆಮ್ಮನ್ನು, ಆ ದಿನ,
ನಾನು ಕೇಳಿಸಿಕೊಳ್ಳಲೇ ಇಲ್ಲ.